ಗಾಲಿ ಬಡಿಯುವವನು

ಪುಣೆಯ ಘೋರ್ಪಡಿ ಯಾರ್ಡಿನಲ್ಲಿ ಮೂವತ್ತೊಂದು ವರುಷ
ಗಾಲಿ ಬಡಿದೆ ನಾನು.
ಉದ್ದ ಹಿಡಿಯ ಸುತ್ತಿಗೆ, ಎಡಗೈಲಿ ಲಾಟೀನು, ಬಗ್ಗಿದ ಬೆನ್ನು.
ಗಟ್ಟಿ ಗಾಲಿ ಠಣ್ ಅನ್ನುತ್ತದೆ; ಹೊಡೆತ ಮುಗಿದ ಮೇಲೂ
ದನಿ ಕಂಬಿಗುಂಟ ಒಂದಿಷ್ಟು ನಡೆದು ಹೋಗುತ್ತದೆ.
ಸೀಳು ಬಿಟ್ಟದ್ದು ದಪ್ ಅನ್ನುತ್ತದೆ.
ಹಸಿ ಗೋಡೆಗೆ ಅಂಗೈ ಬಡಿದ ಹಾಗೆ, ಅಷ್ಟೇ.

ಕಲಿಸಿದವನು ಧೋಂಡಿಬಾ, ಸಾಸವಡದವನು.
"ನೋಡಬೇಡ, ಕಣ್ಣು ಲಂಚ ತಿನ್ನುತ್ತದೆ.
ಐಕ್, ಬಾಬಾ, ಐಕ್."
ತಂಬಾಕು ತಿಕ್ಕುವ ಹೆಬ್ಬೆರಳನ್ನೂ ನಿಲ್ಲಿಸಿ ಕೇಳುತ್ತಿದ್ದ.

ಭಾನುವಾರ ಮೂರಕ್ಕೆ, ಮರಾಠಿಯವರು ಎದ್ದು ಹೋದ ಮೇಲೆ,
ಅವರ ಬೆಂಚಿನ ಬಿಸಿಯ ಮೇಲೆ ನಮ್ಮ ಕನ್ನಡ ಸಭೆ.
ಇಪ್ಪತ್ತಾರು ಮಂದಿ, ಎರಡು ಮನೆ ಮೂಕವಾದ ಹಾರ್ಮೋನಿಯಂ.
ಸಾಕ್ಷಿಯ ಹೊತ್ತಿಗೆ ಕಮಲವೇಣಿಯವರು ಏಳುತ್ತಾರೆ:
ಕರ್ತನು ನನ್ನ ಸಂಗಡ ಮಾತಾಡಿದ,
ವಾಕಡದ ಫ್ಲ್ಯಾಟು ಬೇಡ, ಹಡಪಸರದ್ದು ತಗೋ ಅಂದ,
ಮೊನ್ನೆ ಗ್ಯಾಸು ತೀರುವ ಮುಂಚೆಯೇ ಎಚ್ಚರಿಸಿದ.
ಹಿಂದಿನ ಬೆಂಚಿನ ಹುಡುಗರು ನಕ್ಕರು. ನಾನು ನಗಲಿಲ್ಲ.
ಹೊಟ್ಟೆಕಿಚ್ಚಾಯಿತು.
ಕಬ್ಬಿಣದ ಪಿಸುಮಾತನ್ನೂ ಹಿಡಿದ ಕಿವಿ ಇದು.
ಒಂದು ಸಲ, ಒಂದೇ ಸಲ, ಇದರಲ್ಲಿ
ದೇವಪುತ್ರಾ, ಅನ್ನಬಾರದಿತ್ತೇ?
ಮುಂದಿನ ಮಾತು ಬೇಕಿರಲಿಲ್ಲ ನನಗೆ.

ಒಂದು ಡಿಸೆಂಬರು. ಮಿರಜ ಪ್ಯಾಸೆಂಜರು,
ಏಳನೆ ಡಬ್ಬಿ, ಮೂರನೆ ಗಾಲಿ: ದಪ್.
ಸಾಹೇಬ ಗಡಿಯಾರ ತೋರಿಸಿದ.
ಡಬ್ಬಿ ಬಿಚ್ಚುವ ತನಕ ನಾನು ಕಂಬಿ ಬಿಟ್ಟು ಏಳಲಿಲ್ಲ.
ಎರಡು ತಾಸು. ಕಂಬಳಿ ಹೊದ್ದು ಇಳಿದವರು,
ನಿದ್ದೆಗೂಸನ್ನು ಹೆಗಲಿಗೆ ಹಾಕಿಕೊಂಡವರು
ಮೂರು ಭಾಷೆಯಲ್ಲಿ ನನ್ನ ತಾಯಿಯನ್ನು ಬೈದರು.
ಅದು ದೇವರ ಸ್ವರ, ಅಂದರು ಪಾಸ್ಟರು, ಸಭೆಯ ಮುಂದೆ.
ಅಲ್ಲ ಅಯ್ಯನವರೇ, ಅದು ಗಾಲಿಯ ಸ್ವರ.
ಸುಳ್ಳು ಸಾಕ್ಷಿ ನನ್ನ ಬಾಯಲ್ಲಿ ಬರದು.

ಈಗ ಗಾಲಿಗೆ ಯಂತ್ರ ಬಂದಿದೆ. ನನಗೂ ಒಂದು ಬಂದಿದೆ,
ಮಗಳು ಕೆಜೀಯಾ ಕೊಡಿಸಿದ್ದು. ಬಲಗಿವಿಯ ಹಿಂದೆ ಕೂತು
ಫ್ಯಾನಿನ ಗೊರಗೊರವನ್ನು ಸಮುದ್ರ ಮಾಡುತ್ತದೆ,
ಪ್ರಸಂಗವನ್ನು ಗೊಣಗಾಟ.
ಹೋದ ವಾರ ಅದನ್ನು ಆರಿಸಿ ಕೂತೆ.
ಕರ್ತನು ಕಲಿಸಿದ ಪ್ರಾರ್ಥನೆ ಎಲ್ಲರೂ ಕೂಡಿ ಹೇಳುವಾಗ
ನನ್ನ ದನಿ ನನಗೆ ಬುರುಡೆಯ ಒಳಗಿಂದಷ್ಟೇ ಕೇಳಿತು.
ದಿನದ ರೊಟ್ಟಿ ಬೇಡಿದೆ. ಠಣ್.
ತಪ್ಪು ಮಾಡಿದವರನ್ನು ಕ್ಷಮಿಸಿದ್ದೇವೆ ಎನ್ನುವ ಸಾಲು ಬಂತು.

ದಪ್.

ರಿಕ್ಷಾದಲ್ಲಿ ಸುಗುಣಮಣಿ ಕಿವಿಗೆ ಬಾಯಿಟ್ಟು ಅಂದಳು:
"ಹತ್ತೊಂಬತ್ತು ವರ್ಷ ಆತು, ಅದೊಂದು ಸಾಲ ನುಂಗತೀರಿ.
ನನಗ ಕೇಳಸಂಗಿಲ್ಲಂತ ಮಾಡೀರೇನು?"

ಜಯಶೀಲ. ನನ್ನ ತಮ್ಮ.
ಅವ್ವನ ಪೆಟ್ಟಿಗೆಗೆ ಮೊಳೆ ಹೊಡೆಸಿಬಿಟ್ಟ ನಾನು ಮುಟ್ಟುವ ಮೊದಲೇ.
ನನ್ನ ಗಾಡಿ ತಡವಾಗಿತ್ತು. ಕಾಯಲಿಲ್ಲ ಅವನು.
ಹತ್ತೊಂಬತ್ತು ವರ್ಷ ಇದನ್ನೇ ಹೇಳಿಕೊಂಡೆ,
ಗಾಡಿ ಯಾಕೆ ತಡವಾಯಿತೆಂದು ಕೇಳಿಕೊಳ್ಳಲಿಲ್ಲ.
ಯಾವ ಯಾರ್ಡಿನಲ್ಲಿ ಯಾವನು ಬಗ್ಗಿದ್ದನೋ.
ಮಿರಜದ ಆ ಗಾಡಿ ಯಾವ ಮನೆಗೆ ತಡವಾಯಿತೋ,
ಯಾರ ಅವ್ವ ಅಲ್ಲಿ ಮುಚ್ಚಳದಡಿ ಹೋದಳೋ.

ಆ ರಾತ್ರಿ ಯಂತ್ರ ತೆಗೆದಿಟ್ಟು ಮಲಗಿದೆ.
ಯಾರೋ ಬರುತ್ತಿದ್ದರು, ಬಗ್ಗಿ ಬಗ್ಗಿ,
ಒಂದು ಬಡಿದು, ನಿಂತು, ಕೇಳಿ, ಮುಂದೆ.
ಅವಸರವಿಲ್ಲ. ಯಾವ ಸಾಹೇಬನ ಗಡಿಯಾರಕ್ಕೂ ಸೊಪ್ಪು ಹಾಕುವ ಜಾತಿಯಲ್ಲ.
ಆತ ಮಾತಾಡಲಿ ಎಂದು ನಾನು ಕಾದದ್ದೇ ಕಾದದ್ದು.
ಆತನದೂ ನನ್ನ ಕಸುಬೇ ಎಂದು
ಮೂವತ್ತೊಂದು ವರುಷ ಹೊಳೆದಿರಲಿಲ್ಲ.

ಬೆಳಗ್ಗೆ, ಹಾಲಿನವನು ಹೋದ ಮೇಲೆ,
ಹಳೆ ಡೈರಿಯಲ್ಲಿ ಬೆಟಗೇರಿಯ ನಂಬರು ಸಿಕ್ಕಿತು.
ಕೊನೆಯ ಅಂಕಿ ಒಂದೋ ಏಳೋ, ಶಾಯಿ ಹರಡಿದೆ.
ಒಂದು ತಪ್ಪಿತು. ಏಳಕ್ಕೆ ಹತ್ತಿತು.
ಕಿವಿಗೆ ಒತ್ತಿ ಹಿಡಿದಿದ್ದೇನೆ.
"ಎತ್ತಿದನೇನು?" ಅನ್ನುತ್ತಾಳೆ ಸುಗುಣಮಣಿ, ಒಲೆಯ ಕಡೆಯಿಂದ.
ಕೈ ಎತ್ತಿ ಸುಮ್ಮನಿರಿಸುತ್ತೇನೆ.
ಆ ಕಡೆ ಬಾರಿಸುತ್ತಿದೆ,
ಇನ್ನೂ ಬಾರಿಸುತ್ತಿದೆ.